ಫಿಲಂ ತೆಗೆದ ಮೇಲೆ ಗೀರು, ನೆಗ್ಗು! ಶೆಡ್ಡಿನೊಳಗೇ ಪ್ಯಾನೆಲ್ ಹಾಳಾಗುವುದನ್ನು ತಡೆಯುವುದು ಹೇಗೆ?

ಪ್ಯಾನೆಲ್_ಪಾಡು
ಎಲ್ಲರಿಗೂ ನಮಸ್ಕಾರ. ಕಟ್ಟಡದ ಮುಂಭಾಗಕ್ಕೆ ಹಾಕುವ ಎಸಿಪಿ ಕ್ಯಾಸೆಟ್ ಮಾಡುವ ಶೆಡ್ಡಿನಲ್ಲಿ ಪ್ರೊಡಕ್ಷನ್ ನೋಡಿಕೊಳ್ಳುತ್ತೇನೆ. ಎಸಿಪಿ ಅಂದ್ರೆ ಎರಡು ತೆಳು ಅಲ್ಯೂಮಿನಿಯಂ ತಗಡಿನ ಮಧ್ಯೆ ಪ್ಲಾಸ್ಟಿಕ್ ಕೋರ್ ಇರುವ ಶೀಟು, ಅದರ ಅಂಚು ಮಡಚಿ ತಟ್ಟೆಯ ಹಾಗೆ ಮಾಡಿದ ಪ್ಯಾನೆಲ್ಲೇ ಕ್ಯಾಸೆಟ್. 4 ಮಿ.ಮೀ. ಶೀಟು, ಪಿವಿಡಿಎಫ್ ಪೇಂಟು (ಬಿಸಿಲು ಮಳೆ ತಡೆಯುವ ಲೇಪ). ಸ್ಟೋರಿನಿಂದ ಶೀಟು ಬರುತ್ತದೆ, ರೌಟರ್ ಅನ್ನುವ ಕೊರೆಯುವ ಯಂತ್ರದಲ್ಲಿ ಮಡಚುವ ಜಾಗಕ್ಕೆ ಗ್ರೂವ್ ಹೊಡೆಯುತ್ತೇವೆ, ಮೂಲೆ ಕತ್ತರಿಸುತ್ತೇವೆ, ಮಡಚುತ್ತೇವೆ, ರಿವೆಟ್ ಹಾಕುತ್ತೇವೆ, ಪ್ಯಾಕ್ ಮಾಡುತ್ತೇವೆ. ಎಲ್ಲರೂ ಮಾಡುವ ಹಾಗೇ.

ತೊಂದರೆ ಏನಂದ್ರೆ, ಪ್ಯಾಕಿಂಗ್ ಹತ್ತಿರ ಪೇಂಟಿನ ಮೇಲೆ ಅಂಟಿಸಿರುವ ರಕ್ಷಣೆಯ ಫಿಲಂ ಎತ್ತಿ ನೋಡಿದರೆ ಕೆಲವು ಪ್ಯಾನೆಲ್‌ಗಳ ಮುಖದ ಮೇಲೆ ಸಣ್ಣ ಸಣ್ಣ ನೆಗ್ಗು. ಕೆಲವಕ್ಕೆ ಅಂಚಿನ ಪಕ್ಕ ಉದ್ದ ಗೆರೆ. ಇನ್ನು ಕೆಲವಕ್ಕೆ ಮೂಲೆಯೇ ಬಾಗಿರುತ್ತದೆ. ರೌಟರ್‌ನವರನ್ನು ಕೇಳಿದರೆ ಸ್ಟೋರಿನಿಂದಲೇ ಹೀಗೆ ಬಂತು ಅನ್ನುತ್ತಾರೆ. ಸ್ಟೋರಿನವರು ಮಡಚುವವರ ಕಡೆ ಕೈ ತೋರಿಸುತ್ತಾರೆ. ಅವರು ಪ್ಯಾಕಿಂಗ್ ಕಡೆ. ಸೈಟಿಗೆ ಹೋಗಿ ವಾಪಸ್ ಬಂದ ಮಾಲಿಗಂತೂ ಅಪ್ಪ ಅಮ್ಮ ಯಾರೂ ಇಲ್ಲ.

ಮುಂದಿನ ತಿಂಗಳಿಂದ ಹಾಳಾದ ಪ್ರತಿ ಪ್ಯಾನೆಲ್‌ಗೂ ದಂಡ ಹಾಕುತ್ತೇನೆ ಅಂತ ಓನರ್ ಹೇಳಿದ್ದಾರೆ. ಅದು ಸರಿಹೋಗುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ನೀವೆಲ್ಲ ಇದನ್ನು ಹೇಗೆ ನಿಭಾಯಿಸುತ್ತೀರಿ?

ಫಿಲಂ_ರೋಲ್
ಇನ್ನೊಂದು ಪದರ ಫಿಲಂ ಅಂಟಿಸಿ. ಮುಗೀತು.

ಕ್ಯೂಸಿ_ಕಣ್ಣು
ಎರಡು ಪದರ ಅಂಟಿಸಿದರೆ ಗೀರು ಇನ್ನೂ ಚೆನ್ನಾಗಿ ಮುಚ್ಚಿಹೋಗುತ್ತದೆ, ಅಷ್ಟೇ. ಫಿಲಂ ದಪ್ಪ ಸುಮಾರು 80 ಮೈಕ್ರಾನ್. ಅಂದ್ರೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಅದರ ಕೆಳಗಿನ ಪೇಂಟು ಇನ್ನೂ ತೆಳು, 25 ಮೈಕ್ರಾನ್ ಆಸುಪಾಸು. ಫಿಲಂ ಇರುವುದು ಧೂಳು, ಬೆರಳಚ್ಚು, ಹಗುರ ಉಜ್ಜುವಿಕೆ ತಡೆಯುವುದಕ್ಕೆ. ಒಂದು ಅಲ್ಯೂಮಿನಿಯಂ ಚೂರು ಸಿಕ್ಕಿಕೊಂಡು ಮೇಲಿನಿಂದ ಭಾರ ಬಿದ್ದರೆ ಅದು ಏನೂ ತಡೆಯುವುದಿಲ್ಲ.

ಪ್ಯಾನೆಲ್_ಪಾಡು ಅವರೇ, ಯಾರು ಮಾಡಿದರು ಅಂತ ಕೇಳುವುದನ್ನು ಸ್ವಲ್ಪ ದಿನ ಬಿಡಿ. ಮೊದಲು ಗುರುತನ್ನೇ ಓದಿ. ಫಿಲಂ ಕೀಳುವ ಮುಂಚೆ ಒಂದು ಟಾರ್ಚ್ ತಗೊಂಡು ಪ್ಯಾನೆಲ್‌ಗೆ ಓರೆಯಾಗಿ, ಹೆಚ್ಚುಕಮ್ಮಿ ಮಲಗಿಸಿ ಹಿಡಿಯಿರಿ. ಫಿಲಂ ಮೇಲೂ ಗೀರು ಇದೆ, ಕೆಳಗೆ ಪೇಂಟಿನ ಮೇಲೂ ಅದೇ ಜಾಗದಲ್ಲಿ ಇದೆ ಅಂದ್ರೆ ಅದು ಫಿಲಂ ಅಂಟಿದ ಮೇಲೆ ಆಗಿದ್ದು. ಹೆಚ್ಚಾಗಿ ನಿಮ್ಮ ಶೆಡ್ಡಿನಲ್ಲೇ. ಫಿಲಂ ಸಪಾಟಾಗಿ ಚೆನ್ನಾಗಿದೆ, ಕೆಳಗೆ ಗೀರು ಇದೆ ಅಂದ್ರೆ ಪೇಂಟ್ ಲೈನಿನಿಂದಲೇ ಹಾಗೆ ಬಂದಿದೆ. ಅದನ್ನು ಶೀಟ್ ಕೊಟ್ಟವರಿಗೆ ಫೋಟೋ ಸಮೇತ ವಾಪಸ್ ಕಳಿಸಿ. ನೆಗ್ಗಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ, ಯಾಕಂದ್ರೆ ಫಿಲಂ ಹರಿಯದೆಯೂ ನೆಗ್ಗು ಬೀಳುತ್ತದೆ.

ಅಂಚಿನ ಪಕ್ಕದ ಗೆರೆ ನೆಟ್ಟಗೆ, ಅಂಚಿನಿಂದ ಒಂದೇ ದೂರದಲ್ಲಿ ಇದೆಯಾ? ಫಿಲಂ ಅಲ್ಲಿ ಸೀಳಿ ಎರಡೂ ಕಡೆ ಸ್ವಲ್ಪ ಎದ್ದಿದೆಯಾ? ಹಾಗಿದ್ದರೆ ಯಾರೋ ಫಿಲಂ ಬಿಡಿಸುವುದಕ್ಕೆ ಕಟರ್ ಬ್ಲೇಡ್ ಎಳೆದಿದ್ದಾರೆ.

ಪ್ಯಾನೆಲ್_ಪಾಡು
ಮೇಡಂ, ಈಗಷ್ಟೇ ಹೋಗಿ ನೋಡಿಕೊಂಡು ಬಂದೆ. ಹೌದು, ಫಿಲಂ ಸೀಳಿದೆ. ರಿವೆಟ್ ಹಾಕುವ ಕಡೆ ಫಿಲಂ ಸಿಕ್ಕಿಕೊಳ್ಳಬಾರದು ಅಂತ ಅಂಚಿನ ಪಟ್ಟಿಯನ್ನು ಬ್ಲೇಡಿನಿಂದ ಕೊಯ್ದು ತೆಗೆಯುತ್ತಾರೆ. ಅದನ್ನು ನಾವೇ ಹೇಳಿಕೊಟ್ಟಿದ್ದು!

ಕ್ಯೂಸಿ_ಕಣ್ಣು
ನೋಡಿದಿರಾ. ಇದಕ್ಕೆ ದಂಡ ಯಾರಿಗೆ ಹಾಕುತ್ತೀರಿ ಈಗ?

ಬ್ಲೇಡ್ ಬೇಡ. ಅಂಚಿನಲ್ಲಿ ಫಿಲಂ ಒಂದು ತುದಿ ಎತ್ತಿ, ಬೇಕಾದಷ್ಟು ಅಗಲ ಹಿಂದಕ್ಕೆ ಮಡಚಿಟ್ಟು ಕೆಲಸ ಮಾಡಿ, ಆಮೇಲೆ ಮತ್ತೆ ಒತ್ತಿ ಅಂಟಿಸಿ. ಕೊಯ್ಯಲೇಬೇಕು ಅಂದ್ರೆ ಫಿಲಂ ಅನ್ನು ಪೇಂಟಿನಿಂದ ಮೇಲಕ್ಕೆ ಎತ್ತಿ ಹಿಡಿದು ಕತ್ತರಿಯಲ್ಲಿ ಕತ್ತರಿಸಿ. ಬ್ಲೇಡು ಶೀಟಿನ ಮೇಲೆ ಇಳಿಯುವ ಕೆಲಸವೇ ಇರಬಾರದು.

ರೌಟರ್_ಧೂಳು
ನೆಗ್ಗಿನ ವಿಷಯ ನಾನು ಹೇಳುತ್ತೇನೆ, ಇದು ನನ್ನ ಏರಿಯಾ. ಗ್ರೂವ್ ಹೊಡೆಯುವುದು ಹಿಂಬದಿಯಿಂದ. ಅಂದ್ರೆ ಪೇಂಟಿನ ಮುಖ ಟೇಬಲ್ ಕಡೆ ಇರುತ್ತದೆ. ಹಿಂದಿನ ಶೀಟು ಕೊರೆದಾಗ ಬಿದ್ದ ಚೂರು ಟೇಬಲ್ ಮೇಲೆ ಇದ್ದರೆ ಮುಂದಿನ ಶೀಟಿನ ಮುಖ ನೇರವಾಗಿ ಅದರ ಮೇಲೆ ಕೂರುತ್ತದೆ. ವ್ಯಾಕ್ಯೂಮ್ ಟೇಬಲ್ ಆದರೆ ಇನ್ನೂ ಕಷ್ಟ. ಗಾಳಿ ಎಳೆದ ತಕ್ಷಣ ಶೀಟು ಪೂರ್ತಿ ಟೇಬಲ್‌ಗೆ ಕಚ್ಚುತ್ತದೆ, ಚೂರು ಒಳಗೆ ಒತ್ತುತ್ತದೆ. ಮೇಲಿನ ಅಲ್ಯೂಮಿನಿಯಂ ಬರೀ ಅರ್ಧ ಮಿಲಿಮೀಟರ್. ಅದರ ಹಿಂದೆ ಪ್ಲಾಸ್ಟಿಕ್. ನೆಗ್ಗದೆ ಇನ್ನೇನಾಗುತ್ತದೆ?

ಪ್ರತಿ ಶೀಟಿಗೂ ಮುಂಚೆ ಟೇಬಲ್ ಕ್ಲೀನ್ ಆಗಬೇಕು. ಪ್ರತಿ ಶೀಟಿಗೂ. ಊದಬೇಡಿ, ವ್ಯಾಕ್ಯೂಮಿನಲ್ಲಿ ಎಳೆಯಿರಿ. ಗಾಳಿ ಗನ್ನಿನಲ್ಲಿ ಊದಿದರೆ ಚೂರು ಪಕ್ಕದ ಥಪ್ಪಿಯ ಮೇಲೆ ಹೋಗಿ ಕೂರುತ್ತದೆ. ಅಲ್ಲಿ ಇನ್ನೊಂದು ಹತ್ತು ಶೀಟು ಹಾಳು.

ಹಳೇ_ಕೈ
ಇದೆಲ್ಲ ಸುಮ್ನೆ ಮಾತು. ಈಗಿನ ಹುಡುಗರಿಗೆ ಮಾಲಿನ ಮೇಲೆ ಪ್ರೀತಿ ಇಲ್ಲ. ಫೋನ್ ನೋಡಿಕೊಂಡು ಶೀಟು ಎತ್ತುತ್ತಾರೆ. ಎರಡು ಸಲ ಸಂಬಳದಲ್ಲಿ ಹಿಡಿಯಿರಿ, ತಾನಾಗೇ ಸರಿಹೋಗುತ್ತದೆ. ನಾವೆಲ್ಲ ಹಾಗೇ ಕಲಿತಿದ್ದು.

ರೌಟರ್_ಧೂಳು
ಸರ್, ಟೇಬಲ್ ಗುಡಿಸುವುದಕ್ಕೆ ಟೈಮ್ ಕೊಡದೆ ಶಿಫ್ಟಿಗೆ ಇಷ್ಟು ಶೀಟು ಆಗಲೇಬೇಕು ಅಂದವರು ಯಾರು? ಅವರ ಸಂಬಳದಲ್ಲೂ ಹಿಡಿಯೋಣವಾ?

ಹಳೇ_ಕೈ
ಗುಡಿಸುವುದಕ್ಕೆ ಎಷ್ಟು ಹೊತ್ತು ಬೇಕಪ್ಪಾ.

ಕ್ಯೂಸಿ_ಕಣ್ಣು
ಹಳೇ_ಕೈ ಸರ್, ಬೇಜಾರು ಮಾಡಿಕೊಳ್ಳಬೇಡಿ. ದಂಡ ಶುರುವಾದ ಶೆಡ್ಡುಗಳಲ್ಲಿ ನಾನು ಕೆಲಸ ಮಾಡಿದ್ದೇನೆ. ಮೊದಲ ವಾರ ಹಾನಿಯ ಲೆಕ್ಕ ಧಡಾರ್ ಅಂತ ಇಳಿಯುತ್ತದೆ. ಓನರ್ ಖುಷಿ. ಆಮೇಲೆ ಗೊತ್ತಾಗುತ್ತದೆ, ಪೆಟ್ಟು ಬಿದ್ದ ಪ್ಯಾನೆಲ್ ಥಪ್ಪಿಯ ಮಧ್ಯಕ್ಕೆ ಹೋಗಿ ಸೇರಿಕೊಂಡಿರುತ್ತದೆ. ಫಿಲಂ ಇದೆಯಲ್ಲ, ಯಾರಿಗೂ ಕಾಣುವುದಿಲ್ಲ. ಅದು ಹೊರಗೆ ಬರುವುದು ಸೈಟಿನಲ್ಲಿ, ಎತ್ತರದಲ್ಲಿ ಫಿಕ್ಸ್ ಆದ ಮೇಲೆ. ಶೆಡ್ಡಿನಲ್ಲಿ ಸಿಕ್ಕಿದ್ದರೆ ಒಂದು ಶೀಟಿನ ಖರ್ಚು. ಅಲ್ಲಿ ಸಿಕ್ಕರೆ ಬಿಚ್ಚುವುದು, ಇಳಿಸುವುದು, ಹೊಸದು ಮಾಡುವುದು, ಕ್ರೇನೋ ಜೂಲಾನೋ (ನೇತಾಡುವ ಅಟ್ಟಣಿಗೆ) ಮತ್ತೆ ಕಟ್ಟುವುದು, ಎಲ್ಲ ಸೇರುತ್ತದೆ.

ನಾವು ಮಾಡಿದ್ದು ಬೇರೆ. ಯಾರ ಕೈಯಲ್ಲಿ ಪೆಟ್ಟು ಬಿದ್ದರೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಇಡಬಹುದು, ಹೆಸರು ಕೇಳುವುದಿಲ್ಲ ಅಂದೆವು. ಗೋಡೆಯ ಮೇಲೆ ಒಂದು ಬೋರ್ಡ್. ಅದರಲ್ಲಿ ಪ್ಯಾನೆಲಿನ ಖಾಲಿ ಚಿತ್ರ, ಮುಖ ಒಂದು, ಹಿಂಬದಿ ಒಂದು. ಪೆಟ್ಟು ಎಲ್ಲಿ ಬಿದ್ದಿದೆಯೋ ಅಲ್ಲಿ ಒಂದು ಚುಕ್ಕೆ ಸ್ಟಿಕ್ಕರ್. ನೆಗ್ಗಿಗೆ ಒಂದು ಬಣ್ಣ, ಗೀರಿಗೆ ಒಂದು, ಮೂಲೆಗೆ ಒಂದು. ಕೆಲವೇ ವಾರದಲ್ಲಿ ಚುಕ್ಕೆಗಳೆಲ್ಲ ಬಂದು ಕೆಳಗಿನ ಎಡ ಮೂಲೆಯಲ್ಲಿ ಗುಂಪು ಕಟ್ಟಿದವು. ಹೋಗಿ ನೋಡಿದರೆ ಮಡಚುವ ಬೆಂಚಿನ ಪಕ್ಕದಲ್ಲಿ ಒಂದು ಕಬ್ಬಿಣದ ಕಂಬ. ಶೀಟು ತಿರುಗಿಸುವಾಗ ಅದೇ ಮೂಲೆ ಅದೇ ಕಂಬಕ್ಕೆ ತಾಗುತ್ತಿತ್ತು. ಕಂಬ ಅಲ್ಲಾಡಿಸುವ ಹಾಗಿರಲಿಲ್ಲ, ಬೆಂಚನ್ನೇ ಸರಿಸಿದೆವು.

ಪ್ಯಾನೆಲ್_ಪಾಡು
ಬೋರ್ಡ್ ಐಡಿಯಾ ಚೆನ್ನಾಗಿದೆ. ನಾಳೆಯೇ ಹಾಕಿಸುತ್ತೇನೆ.

ಕಾರ್ಪೆಟ್_ಟೇಬಲ್
ಚೂರಿನ ಸಮಸ್ಯೆಗೆ ಟೇಬಲ್ ಮೇಲೆ ದಪ್ಪ ಕಾರ್ಪೆಟ್ ಹಾಸಿ. ನಾವು ಯಾವಾಗಲೂ ಅದನ್ನೇ ಮಾಡುವುದು. ಬೆಂಚಿಗೂ ಕಾರ್ಪೆಟ್, ಟ್ರಾಲಿಗೂ ಕಾರ್ಪೆಟ್.

ರೌಟರ್_ಧೂಳು
ಕಾರ್ಪೆಟ್ಟಾ! ಅದರ ಎಳೆಯೊಳಗೆ ಚೂರು ಕೂತರೆ ನಿಮ್ಮಪ್ಪನಾಣೆ ಹೊರಗೆ ಬರುವುದಿಲ್ಲ. ಹೊಸದಾಗಿದ್ದಾಗ ಮೆತ್ತಗೆ. ಸ್ವಲ್ಪ ದಿನ ಹೋದರೆ ಅದೇ ಉಪ್ಪುಕಾಗದ. ಅದರ ಮೇಲೆ ಶೀಟು ಜಾರಿಸಿದರೆ ಮುಗೀತು ಕಥೆ.

ಕಾರ್ಪೆಟ್_ಟೇಬಲ್
ದಿನಾ ವ್ಯಾಕ್ಯೂಮ್ ಮಾಡಿದರೆ ಏನೂ ಆಗುವುದಿಲ್ಲ. ತಿಂಗಳಿಗೊಮ್ಮೆ ಬದಲಾಯಿಸಿದರೆ ಆಯ್ತು. ಬರೀ ಮರದ ಬೆಂಚಿಗಿಂತ ಸಾವಿರ ಪಾಲು ವಾಸಿ.

ಬೆಂಚ್_ಮೇಸ್ತ್ರಿ
ಇಬ್ಬರೂ ಅರ್ಧ ಸರಿ. ಮಡಚುವ, ಜೋಡಿಸುವ ಬೆಂಚಿಗೆ ಬ್ರಷ್ ಪಟ್ಟಿ ಇರುವ ಟೇಬಲ್ ಒಳ್ಳೆಯದು. ಬ್ರಷ್ ಕೂದಲಿನ ತುದಿಯ ಮೇಲೆ ಪ್ಯಾನೆಲ್ ಕೂರುತ್ತದೆ, ಚೂರು ಮಧ್ಯದ ಸಂದಿಯೊಳಗೆ ಇಳಿದುಹೋಗುತ್ತದೆ. ಅದು ಆಗದಿದ್ದರೆ ನಯವಾದ ರಬ್ಬರ್ ಅಥವಾ ಮುಚ್ಚಿದ ಗುಳ್ಳೆಯ ಫೋಮ್ ಪಟ್ಟಿ. ಪೂರ್ತಿ ಹಾಸಬೇಡಿ, ಪಟ್ಟಿ ಪಟ್ಟಿಯಾಗಿ ಅಂತರ ಬಿಟ್ಟು ಅಂಟಿಸಿ. ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಕ್ಲೀನ್. ಚೂರು ಇದ್ದರೆ ಕಣ್ಣಿಗೆ ಕಾಣುತ್ತದೆ ಕೂಡ. ಕಾರ್ಪೆಟ್ಟಿನಲ್ಲಿ ತೊಂದರೆ ಅದೇ, ಚೂರು ಇದ್ದರೂ ಕಾಣುವುದಿಲ್ಲ.

ಕಾರ್ಪೆಟ್_ಟೇಬಲ್
ಬ್ರಷ್ ಟೇಬಲ್ ದುಬಾರಿ ಗುರು.

ಬೆಂಚ್_ಮೇಸ್ತ್ರಿ
ಅದಕ್ಕೇ ಫೋಮ್ ಪಟ್ಟಿ ಅಂದೆ.

ಹೊಸಬ
ಒಂದು ಸಣ್ಣ ಪ್ರಶ್ನೆ. ಗ್ಲೌಸ್ ಯಾವುದು ಒಳ್ಳೆಯದು? ನಮ್ಮಲ್ಲಿ ಹತ್ತಿಯದ್ದು ಕೊಡುತ್ತಾರೆ.

ಕ್ಯೂಸಿ_ಕಣ್ಣು
ಹತ್ತಿ ಗ್ಲೌಸಿಗೆ ಎರಡು ತೊಂದರೆ. ಫಿಲಂ ಮೇಲೆ ಜಾರುತ್ತದೆ. ಚೂರು ಎಳೆಯಲ್ಲಿ ಸಿಕ್ಕಿಕೊಂಡು ಅಂಗೈಯಲ್ಲೇ ಊರೆಲ್ಲ ತಿರುಗುತ್ತದೆ. ಅಂಗೈಗೆ ನೈಟ್ರೈಲ್ ಲೇಪ ಇರುವುದು ತಗೊಳ್ಳಿ. ಕೊರೆಯುವ ಕಡೆ ಹಾಕಿದ ಗ್ಲೌಸನ್ನೇ ಹಾಕಿಕೊಂಡು ಪ್ಯಾಕಿಂಗಿಗೆ ಬರಬೇಡಿ, ಬೇರೆ ಜೊತೆ ಇಟ್ಟುಕೊಳ್ಳಿ. ಉಂಗುರ, ವಾಚು, ಬೆಲ್ಟಿನ ಬಕಲ್, ಜೇಬಿನಲ್ಲಿ ತಲೆ ಹೊರಗೆ ಹಾಕಿದ ಸ್ಕ್ರೂಡ್ರೈವರ್, ಇವೆಲ್ಲ ನೋಡಿಕೊಳ್ಳಿ. ಬೆಂಚಿನ ಮೇಲೆ ಬಗ್ಗಿ ಕೆಲಸ ಮಾಡುವವರಿಗೆ ಮುಂದೆ ಒಂದು ಏಪ್ರನ್ ಇದ್ದರೆ ಬಕಲ್ ಗೀರು ಅಲ್ಲಿಗೇ ನಿಲ್ಲುತ್ತದೆ.

ಬೆಂಚ್_ಮೇಸ್ತ್ರಿ
ಅಳತೆ ಟೇಪನ್ನು ಮರೆಯಬೇಡಿ! ಟೇಪ್ ಎಳೆದು ಅಳತೆ ನೋಡಿ, ಬಟನ್ ಒತ್ತಿ ಬಿಟ್ಟರೆ ಕೊಕ್ಕೆ ಪ್ಯಾನೆಲ್ ಮೇಲೆ ಸರ್ರಂತ ಉಜ್ಜಿಕೊಂಡು ಬರುತ್ತದೆ. ಒಳ್ಳೆ ಕೆಲಸಗಾರರೂ ಮಾಡುತ್ತಾರೆ ಇದನ್ನು.

ಪ್ಯಾನೆಲ್_ಪಾಡು
ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ನೆಗ್ಗು ಕೆಲವು ಪ್ಯಾನೆಲ್‌ನಲ್ಲಿ ಒಂದೇ ಸಾಲಿನಲ್ಲಿ, ಸಮ ದೂರದಲ್ಲಿ ಇದೆ. ಅಳೆದರೆ ಸುಮಾರು 16 ಸೆಂ.ಮೀ.ಗೆ ಒಂದು. ಇದು ಟೇಬಲ್ ಚೂರು ಇರಲಿಕ್ಕಿಲ್ಲ ಅಲ್ವಾ?

ಲೆಕ್ಕದ_ಮೇಷ್ಟ್ರು
ನಿಮ್ಮ ರೋಲರ್ ಕನ್ವೇಯರ್‌ನ ರೋಲರ್ ವ್ಯಾಸ 50 ಮಿ.ಮೀ. ಇರಬೇಕು. ನೋಡಿ ಹೇಳಿ.

ಪ್ಯಾನೆಲ್_ಪಾಡು
ಅಯ್ಯೋ, ಹೌದು! ಹೇಗೆ ಗೊತ್ತಾಯ್ತು?

ಲೆಕ್ಕದ_ಮೇಷ್ಟ್ರು
50 ಅನ್ನು 3.14ರಿಂದ ಗುಣಿಸಿ. 157 ಮಿ.ಮೀ. ಬರುತ್ತದೆ. ಒಂದು ರೋಲರಿಗೆ ಏನೋ ಅಂಟಿಕೊಂಡಿದೆ. ಅದು ಪ್ರತಿ ಸುತ್ತಿಗೆ ಒಂದು ಸಲ ಶೀಟಿಗೆ ಗುದ್ದುತ್ತಿದೆ. ಅಂಚಿನಿಂದ ನೆಗ್ಗಿನ ಸಾಲಿಗೆ ಎಷ್ಟು ದೂರ ಇದೆ ಅಳೆಯಿರಿ, ರೋಲರ್‌ಗಳ ಮೇಲೆ ಅದೇ ದೂರದಲ್ಲಿ ಕೈಯಾಡಿಸಿಕೊಂಡು ಹೋಗಿ. ಸಿಗುತ್ತದೆ. ಸಮ ದೂರದ ಚುಕ್ಕೆ ಬದಲು ಉದ್ದಕ್ಕೆ ಒಂದೇ ಗೆರೆ ಬಂದಿದ್ದರೆ ರೋಲರ್ ಜಾಮ್ ಆಗಿದೆ, ಶೀಟು ಅದರ ಮೇಲೆ ಉಜ್ಜಿಕೊಂಡು ಹೋಗುತ್ತಿದೆ ಅಂತ ಅರ್ಥ.

ಪ್ಯಾನೆಲ್_ಪಾಡು
ಸಿಕ್ಕಿತು. ಗಟ್ಟಿಯಾದ ಸೀಲಂಟ್ ಹನಿ, ಅದರಲ್ಲಿ ಒಂದು ರಿವೆಟ್ ಮೊಳೆಯ ತುಂಡು ಹುಗಿದುಕೊಂಡಿತ್ತು. ಮೇಷ್ಟ್ರೇ, ನಿಮಗೆ ದೊಡ್ಡ ನಮಸ್ಕಾರ.

ಹಳೇ_ಕೈ
ಇದನ್ನು ಒಪ್ಪುತ್ತೇನೆ. ಇದಕ್ಕೆ ದಂಡ ಹಾಕುವುದಕ್ಕೆ ಆಗುವುದಿಲ್ಲ 🙂

ಫೋರ್ಕ್‌ಲಿಫ್ಟ್_ಅಣ್ಣ
ಇನ್ನೂ ಯಾರೂ ಫೋರ್ಕ್‌ಲಿಫ್ಟ್ ಡ್ರೈವರನ್ನು ಬೈದಿಲ್ಲವಲ್ಲ, ಆಶ್ಚರ್ಯ. ಬೈಯುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಪ್ಯಾಲೆಟ್‌ಗಿಂತ ಪ್ಯಾನೆಲ್ ಉದ್ದ ಮಾಡಿ ಕೊಟ್ಟು, ಹೊರಗೆ ಚಾಚಿದ ಅಂಚು ಬಾಗಿತು ಅಂದ್ರೆ ನಾನೇನು ಮಾಡಲಿ? ಪ್ಯಾಲೆಟ್ ನಾಲ್ಕೂ ಕಡೆ ಪ್ಯಾನೆಲ್‌ಗಿಂತ ದೊಡ್ಡದಿರಬೇಕು. ಮೊಳೆ ತಲೆ ಮೇಲೆ ಎದ್ದಿರಬಾರದು. ಕಬ್ಬಿಣದ ಪಟ್ಟಿ ಬಿಗಿಯುವಾಗ ಅಂಚಿಗೆ ರಟ್ಟಿನದ್ದೋ ಪ್ಲಾಸ್ಟಿಕ್‌ನದ್ದೋ ಮೂಲೆ ಗಾರ್ಡ್ ಇಡಿ. ಇಲ್ಲದಿದ್ದರೆ ಬಿಗಿದ ಪಟ್ಟಿಯೇ ಅಂಚನ್ನು ಕಚ್ಚಿಹಾಕುತ್ತದೆ.

ನಮ್ಮ ಕಡೆಯ ತಪ್ಪೂ ಇದೆ. ಫೋರ್ಕ್ ಪ್ಯಾಲೆಟ್‌ಗಿಂತ ಉದ್ದ ಇದ್ದರೆ ತುದಿ ಆ ಕಡೆ ಹೊರಬಂದು ಹಿಂದಿನ ಥಪ್ಪಿಗೆ ಚುಚ್ಚುತ್ತದೆ. ಎಷ್ಟು ಒಳಗೆ ಹೋಗಬೇಕು ಅಂತ ಫೋರ್ಕ್ ಮೇಲೆ ಪೇಂಟಿನಲ್ಲಿ ಒಂದು ಗುರುತು ಹಾಕಿಕೊಂಡರೆ ಸಾಕು. ನೆಲದಲ್ಲಿ ಜಾಯಿಂಟ್ ಒಡೆದಿದ್ದರೆ ಅದನ್ನೂ ಮುಚ್ಚಿಸಿ. ಆ ಗುಂಡಿ ಹಾರಿದಾಗ ಮೇಲಿನ ಪ್ಯಾನೆಲ್ ಎಗರಿ ಕೆಳಗಿನದರ ಮೇಲೆ ಬೀಳುತ್ತದೆ.

ಸ್ಯಾಂಡ್‌ವಿಚ್_ಲೈನ್
ನಮ್ಮದು ಇನ್ಸುಲೇಟೆಡ್ ಪ್ಯಾನೆಲ್, ಎರಡು ತಗಡಿನ ಮಧ್ಯೆ ಫೋಮ್. ಇಲ್ಲಿ ನಂಬರ್ ಒನ್ ಶತ್ರು ಎಳೆಯುವುದು. ಥಪ್ಪಿಯ ಮೇಲಿನ ಪ್ಯಾನೆಲನ್ನು ಯಾರೋ ಒಬ್ಬ ತುದಿ ಹಿಡಿದು ಜಾರಿಸಿದರೆ ಕೆಳಗಿನದರ ಮುಖ ಪೂರ್ತಿ ಗೀರು. ಎತ್ತಬೇಕು, ಎಳೆಯಬಾರದು. ಹೊತ್ತುಕೊಂಡು ಹೋಗುವಾಗ ಅಂಚಿನ ಮೇಲೆ ನಿಲ್ಲಿಸಿ ಹೋಗಬೇಕು. ಅಡ್ಡಡ್ಡ ಮಲಗಿಸಿ ಎರಡು ತುದಿಯಲ್ಲಿ ಹಿಡಿದರೆ ಮಧ್ಯ ಜೋತುಬೀಳುತ್ತದೆ, ಮೇಲಿನ ತಗಡು ಸುಕ್ಕಾಗುತ್ತದೆ.

ಎರಡನೆಯದು ನೀರು. ಗ್ಯಾಲ್ವನೈಸ್ ತಗಡಿನ ಪ್ಯಾನೆಲ್ ಥಪ್ಪಿಯನ್ನು ಪ್ಲಾಸ್ಟಿಕ್ ಸುತ್ತಿ ಗಾಳಿಯಾಡದ ಹಾಗೆ ಇಟ್ಟರೆ ಒಳಗೇ ನೀರು ಬೆವೆತು ಕೂರುತ್ತದೆ, ಕತ್ತರಿಸಿದ ಅಂಚಿನಲ್ಲಿ ಬಿಳಿ ತುಕ್ಕು ಬರುತ್ತದೆ. ಒಂದು ಕಡೆ ಸ್ವಲ್ಪ ಎತ್ತರಿಸಿ ಇಟ್ಟರೆ ನೀರು ಹರಿದುಹೋಗುತ್ತದೆ. ಕೈಯೇ ತಾಗದ ಹಾನಿ ಇದು, ಆದರೂ ಲೆಕ್ಕಕ್ಕೆ ಹಾನಿಯೇ.

ಒಬ್ಬನೇ_ಎತ್ತುವವ
ಎಸಿಪಿ ಅಷ್ಟೊಂದು ಭಾರವೇ ಇಲ್ಲವಲ್ಲ. ಒಬ್ಬನೇ ಎತ್ತಬಹುದು. ಇಷ್ಟೆಲ್ಲ ರಗಳೆ ಯಾಕೆ?

ಬೆಂಚ್_ಮೇಸ್ತ್ರಿ
ಅಲ್ಲೇ ಇರುವುದು ತೊಂದರೆ! ಸಾಮಾನ್ಯ ಪ್ಲಾಸ್ಟಿಕ್ ಕೋರ್ ಇರುವ 4 ಮಿ.ಮೀ. ಶೀಟು ಚದರ ಮೀಟರಿಗೆ ಸುಮಾರು ಐದೂವರೆ ಕೆ.ಜಿ. 1220 × 2440 ಶೀಟು ಅಂದ್ರೆ 16 ಕೆ.ಜಿ. ಚಿಲ್ಲರೆ. ಭಾರ ಏನೂ ಅಲ್ಲ. ಆದರೆ ಎಂಟು ಅಡಿ ಉದ್ದ. ಒಬ್ಬನೇ ಎತ್ತಿದರೆ ಮುಂದಿನ ಮೂಲೆ ಎಲ್ಲಿದೆ ಅಂತ ಅವನಿಗೆ ಕಾಣುವುದೇ ಇಲ್ಲ. ಇಳಿಸುವಾಗ ಒಂದು ಮೂಲೆ ಮೊದಲು ತಾಗುತ್ತದೆ. ಅದು ತನ್ನ ಮೂಲೆಯನ್ನೂ ಬಗ್ಗಿಸಿಕೊಳ್ಳುತ್ತದೆ, ಕೆಳಗಿರುವ ಶೀಟಿನ ಮೇಲೆ ಅರ್ಧಚಂದ್ರದ ಹಾಗೆ ಒಂದು ಕಚ್ಚು ಕೂಡ ಬಿಡುತ್ತದೆ. ಆ ಕಚ್ಚು ಕಂಡರೆ ಕಣ್ಣು ಮುಚ್ಚಿ ಹೇಳಬಹುದು, ಒಬ್ಬನೇ ಇಳಿಸಿದ್ದಾನೆ ಅಂತ. ಇಬ್ಬರು ಬೇಕೇಬೇಕು. ಗ್ಲಾಸಿನವರಿಂದ ಇದನ್ನು ಕಲಿಯಬೇಕು.

ಗ್ಲಾಸ್_ಕಡೆಯವ
ಕರೆದಿರಿ, ಬಂದೆ. ಗ್ಲಾಸು 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ ಎರಡೂವರೆ ಕೆ.ಜಿ. ಆರು ಮಿಲಿ ಎರಡು ಗ್ಲಾಸಿನ ಡಬಲ್ ಯೂನಿಟ್ ಅಂದ್ರೆ ಚದರ ಮೀಟರಿಗೆ 30 ಕೆ.ಜಿ. ಹಾಗಾಗಿ ನಮಗೆ ಒಬ್ಬನೇ ಎತ್ತುವ ಆಸೆಯೇ ಬರುವುದಿಲ್ಲ 😀

ನಮ್ಮಲ್ಲಿ ಜೀವ ಇರುವುದು ಅಂಚಿನಲ್ಲಿ. ಸ್ಟೀಲಿಗೆ ಅಥವಾ ಸಿಮೆಂಟ್ ನೆಲಕ್ಕೆ ಅಂಚು ತಾಗಿ ಒಂದು ಸಣ್ಣ ಚಕ್ಕೆ ಎದ್ದರೆ ಆವತ್ತು ಏನೂ ಆಗುವುದಿಲ್ಲ. ಆಮೇಲೆ ಬಿಸಿಲಿಗೆ ಗ್ಲಾಸಿನ ಮಧ್ಯ ಕಾದು, ಫ್ರೇಮಿನೊಳಗಿನ ಅಂಚು ತಣ್ಣಗೆ ಉಳಿದಾಗ ಅದೇ ಚಕ್ಕೆಯಿಂದ ಬಿರುಕು ಶುರುವಾಗುತ್ತದೆ. ಟಫನ್ ಮಾಡಿದ (ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ) ಮೇಲಂತೂ ಅಂಚು ಉಜ್ಜಿ ಸರಿಮಾಡುವ ಹಾಗೂ ಇಲ್ಲ, ಕತ್ತರಿಸುವ ಹಾಗೂ ಇಲ್ಲ. ಅದಕ್ಕೆ ಸ್ಟ್ಯಾಂಡಿನ ಕೆಳಗೆ ರಬ್ಬರ್, ಗ್ಲಾಸು ಗ್ಲಾಸಿನ ಮಧ್ಯೆ ಕಾರ್ಕ್ ಪ್ಯಾಡು ಇಲ್ಲವೇ ಕಾಗದ. ಎ ಆಕಾರದ ಸ್ಟ್ಯಾಂಡಿಗೆ ಸ್ವಲ್ಪವೇ ಒರಗಿಸಿ ಇಡುತ್ತೇವೆ, ಐದಾರು ಡಿಗ್ರಿ.

ಗಾಳಿ ಎಳೆದು ಗ್ಲಾಸಿಗೆ ಕಚ್ಚಿ ಹಿಡಿಯುವ ಸಕ್ಷನ್ ಕಪ್ ಬಗ್ಗೆ ಒಂದು ಮಾತು. ಕೊಳಕು ಕಪ್ಪಿನಲ್ಲಿ ಎತ್ತಿದರೆ ಗ್ಲಾಸಿನ ಮೇಲೆ ದುಂಡನೆ ಗುರುತು ಉಳಿಯುತ್ತದೆ. ಒಣಗಿದ್ದಾಗ ಕಾಣುವುದಿಲ್ಲ. ಮಂಜು ಕಟ್ಟಿದ ಬೆಳಗ್ಗೆ ನೋಡಿ, ಕಟ್ಟಡದ ತುಂಬಾ ಚಕ್ರ! ಕಪ್ ದಿನಾ ಒರೆಸಿ. ಲೋ-ಇ ಕೋಟಿಂಗ್ (ಶಾಖ ದಾಟದ ಹಾಗೆ ಮಾಡುವ ತೆಳು ಲೇಪ) ಇರುವ ಮುಖಕ್ಕೆ ಸಕ್ಷನ್ ಕಪ್ ಹಾಕಲೇಬೇಡಿ.

ಹೊಸಬ
ಎಸಿಪಿ ಶೀಟನ್ನೂ ಸಕ್ಷನ್ ಕಪ್ಪಿನಲ್ಲಿ ಎತ್ತಬಹುದಾ?

ರೌಟರ್_ಧೂಳು
ಎತ್ತಬಹುದು, ವ್ಯಾಕ್ಯೂಮ್ ಲಿಫ್ಟರ್ ಇರುವವರು ಎತ್ತುತ್ತಾರೆ. ಫಿಲಂ ಇರುವ ಕಡೆ ಕಪ್ ಹಾಕಿದರೆ ಮಾತ್ರ ಫಿಲಂ ಚೆನ್ನಾಗಿ ಅಂಟಿದೆಯಾ ನೋಡಿ. ಫಿಲಂ ಬಿಟ್ಟುಕೊಂಡರೆ ಶೀಟು ಕಾಲಿನ ಮೇಲೆ.

ಲೆಕ್ಕದ_ಮೇಷ್ಟ್ರು
ಇಷ್ಟೆಲ್ಲ ಓದಿದ ಮೇಲೆ ಒಂದು ಕೇಳಬೇಕು ಅನ್ನಿಸಿತು. ಪ್ಯಾನೆಲ್_ಪಾಡು ಅವರೇ, ಸ್ಟೋರಿನಿಂದ ಲಾರಿವರೆಗೆ ಒಂದು ಪ್ಯಾನೆಲನ್ನು ಎಷ್ಟು ಸಲ ಎತ್ತಿ ಇಳಿಸುತ್ತೀರಿ? ಒಂದು ಪ್ಯಾನೆಲ್ ಹಿಂದೆಯೇ ನಡೆದು ಎಣಿಸಿ. ಸುಮ್ನೆ ಎಣಿಸಿ, ಏನೂ ಬದಲಾಯಿಸಬೇಡಿ.

ಪ್ಯಾನೆಲ್_ಪಾಡು
ಎಣಿಸಿದೆ. ಎರಡು ಕೈಯ ಬೆರಳು ಸಾಲಲಿಲ್ಲ. ಅದರಲ್ಲಿ ಕೊರೆಯುವುದಕ್ಕೆ, ಮಡಚುವುದಕ್ಕೆ ಅಂತ ನಿಜವಾಗಿ ಎತ್ತಿದ್ದು ಸ್ವಲ್ಪವೇ. ಉಳಿದದ್ದೆಲ್ಲ ಮೇಲಿನದು ತೆಗೆದು ಪಕ್ಕಕ್ಕಿಟ್ಟು ಕೆಳಗಿನದು ಹುಡುಕುವುದು, ಮತ್ತೆ ವಾಪಸ್ ಪೇರಿಸುವುದು. ಸೈಟಿನವರು ಕೇಳುವ ಕ್ರಮ ಬೇರೆ, ನಾವು ಕೊರೆಯುವ ಕ್ರಮ ಬೇರೆ. ಅದಕ್ಕೇ ಥಪ್ಪಿ ಕಲಸುತ್ತಲೇ ಇರುತ್ತೇವೆ.

ಲೆಕ್ಕದ_ಮೇಷ್ಟ್ರು
ಅಲ್ಲಿ ಕೈ ಹಾಕಿ. ಫೋಮು, ಗ್ಲೌಸು ಏನೇ ಹಾಕಿ, ಎತ್ತುವಾಗಿನ ಪೆಟ್ಟು ಬೀಳದೇ ಇರುವುದು ಎತ್ತದೇ ಇರುವ ಪ್ಯಾನೆಲ್‌ಗೆ ಮಾತ್ರ. ಸೈಟಿನ ಕ್ರಮ ಮೊದಲೇ ತರಿಸಿಕೊಂಡು ಅದೇ ಕ್ರಮದಲ್ಲಿ ಕೊರೆಯಿರಿ, ಉಲ್ಟಾ ಕ್ರಮದಲ್ಲಿ ಪೇರಿಸಿ, ಮೊದಲು ಬೇಕಾದ್ದು ಮೇಲೆ. ಮಡಚಿದ ಮೇಲೆ ಮಲಗಿಸುವುದನ್ನೇ ಬಿಟ್ಟು, ಒಂದೊಂದು ಪ್ಯಾನೆಲ್‌ಗೂ ಬೇರೆ ಬೇರೆ ಸಂದಿ ಇರುವ ಟ್ರಾಲಿಯಲ್ಲಿ ನಿಲ್ಲಿಸಿ. ಬೇಕಾದ್ದನ್ನು ಎಳೆದು ತೆಗೆದರೆ ಪಕ್ಕದ್ದು ಅಲ್ಲಾಡುವುದಿಲ್ಲ. ಮಡಚುವ ಬೆಂಚಿನಿಂದ ಪ್ಯಾಕಿಂಗ್‌ವರೆಗೆ ಅದೇ ಟ್ರಾಲಿ ಓಡಾಡಲಿ.

ಬೆಂಚ್_ಮೇಸ್ತ್ರಿ
ನಿಲ್ಲಿಸುವ ಟ್ರಾಲಿಗೆ ನನ್ನದೂ ಓಟು. ಮಡಚಿದ ಕ್ಯಾಸೆಟ್ ಮಲಗಿಸಿ ಪೇರಿಸಿದರೆ ಒಂದರ ಮಡಚಿದ ಅಂಚು ಇನ್ನೊಂದರ ಮುಖವನ್ನು ಚುಚ್ಚುತ್ತದೆ. ಮಲಗಿಸಲೇಬೇಕು ಅಂದ್ರೆ ಮುಖಕ್ಕೆ ಮುಖ, ಬೆನ್ನಿಗೆ ಬೆನ್ನು, ಮಧ್ಯೆ ಫೋಮ್. ಚಿಕ್ಕ ಪ್ಯಾನೆಲನ್ನು ದೊಡ್ಡದರ ಮೇಲೆ ಇಡಬೇಡಿ, ಅದರ ಅಂಚಿನ ಗುರುತು ಕೆಳಗೆ ಮೂಡುತ್ತದೆ.

ಸೈಟ್_ಮೇಲಿಂದ
ನಾವು ಫಿಕ್ಸ್ ಮಾಡುವವರು, ನಮ್ಮ ಗೋಳೂ ಕೇಳಿ. ಫಿಲಂ ಮೇಲೆ ಬಾಣದ ಗುರುತು ಇರುತ್ತದೆ, ಪೇಂಟ್ ಮಾಡಿದ ದಿಕ್ಕು ಅದು. ಮೆಟಾಲಿಕ್ ಬಣ್ಣದಲ್ಲಿ ಬಾಣ ತಿರುಗಿದರೆ ಬಿಸಿಲಿಗೆ ಆ ಒಂದು ಪ್ಯಾನೆಲ್ ಬೇರೆ ಬಣ್ಣವೇ ಕಾಣುತ್ತದೆ. ಹಾಳಾದ ಪ್ಯಾನೆಲ್ ಬದಲಿಗೆ ಉಳಿದ ತುಂಡಿನಲ್ಲಿ ಅಡ್ಡಡ್ಡ ಕೊರೆದು ಕಳಿಸುತ್ತಾರೆ ಕೆಲವರು! ಬದಲಿ ಪ್ಯಾನೆಲ್ ಬೇರೆ ಬ್ಯಾಚಿನದ್ದಾದರೂ ಅದೇ ಕಥೆ. ಹಾಗಾಗಿ ಒಂದು ಶೀಟು ಹೋದರೆ ಹೋಗಲಿ ಬಿಡು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಇನ್ನೊಂದು, ಫಿಲಂ ಮೇಲೆ ಮಾರ್ಕರ್ ಪೆನ್ನಿನಲ್ಲಿ ದೊಡ್ಡದಾಗಿ ನಂಬರ್ ಬರೆಯಬೇಡಿ. ಕೆಲವು ಇಂಕು ಫಿಲಂ ದಾಟಿ ಪೇಂಟಿಗೆ ಇಳಿಯುತ್ತದೆ. ನಂಬರ್ ಚೀಟಿ ಹಿಂಬದಿಗೆ ಅಂಟಿಸಿ.

ಟಚ್ಅಪ್_ಪೆನ್
ಸಣ್ಣ ಗೀರಿಗೆ ಇಷ್ಟು ತಲೆಬಿಸಿ ಬೇಡ. ಅದೇ ಬಣ್ಣದ ಟಚ್ಅಪ್ ಪೇಂಟ್ ತೆಳ್ಳಗೆ ಎಳೆದರೆ ಯಾರಿಗೂ ಕಾಣುವುದಿಲ್ಲ.

ಕ್ಯೂಸಿ_ಕಣ್ಣು
ಇವತ್ತು ಕಾಣುವುದಿಲ್ಲ. ಮೂಲ ಪೇಂಟು ಒಲೆಯಲ್ಲಿ ಬೆಂದು ಗಟ್ಟಿಯಾಗಿದ್ದು. ಟಚ್ಅಪ್ ಗಾಳಿಯಲ್ಲಿ ಒಣಗಿದ್ದು. ಬಿಸಿಲಿಗೆ ಎರಡೂ ಒಂದೇ ತರ ಮಾಸುವುದಿಲ್ಲ. ಕೂದಲೆಳೆ ಗೀರಿಗೆ ಸರಿ, ಅದೂ ಗ್ರಾಹಕರು ಒಪ್ಪಿದ ಮೇಲೆ. ಕೈಯಗಲ ಬಳಿದರೆ ನಾಲ್ಕಾರು ವರ್ಷದಲ್ಲಿ ಅದೇ ಮಚ್ಚೆಯಾಗಿ ಎದ್ದು ಕಾಣುತ್ತದೆ.

ಸೈಟ್_ಮೇಲಿಂದ
ಎಷ್ಟು ದೂರದಿಂದ ನೋಡಿ ತಿರಸ್ಕರಿಸಬಹುದು ಅನ್ನುವುದಕ್ಕೆ ನಿಯಮ ಇಲ್ಲವಾ? ನಮ್ಮ ಕ್ಲೈಂಟ್ ಮೂಗು ಹಚ್ಚಿ ನೋಡುತ್ತಾರೆ.

ಕ್ಯೂಸಿ_ಕಣ್ಣು
ಪೌಡರ್ ಕೋಟಿಂಗಿಗೆ ಕ್ವಾಲಿಕೋಟ್ (ಅಲ್ಯೂಮಿನಿಯಂ ಲೇಪದ ಅಂತರರಾಷ್ಟ್ರೀಯ ಗುಣಮಟ್ಟ) ನಿಯಮದಲ್ಲಿ ಹೊರಗಿನ ಭಾಗಕ್ಕೆ 5 ಮೀಟರ್, ಒಳಗಿನದಕ್ಕೆ 3 ಮೀಟರ್ ದೂರದಿಂದ ನೋಡಬೇಕು. ನಿಮ್ಮ ಕರಾರಿನಲ್ಲಿ ಯಾವ ದೂರ, ಯಾವ ಬೆಳಕು ಅಂತ ಕೆಲಸ ಶುರುವಾಗುವ ಮುಂಚೆ ಬರೆಸಿಕೊಳ್ಳಿ. ಒಂದು ಒಳ್ಳೆ ಪ್ಯಾನೆಲ್, ಒಪ್ಪಬಹುದಾದ ಗೀರಿರುವ ಒಂದು ಪ್ಯಾನೆಲ್, ಎರಡಕ್ಕೂ ಸಹಿ ಹಾಕಿಸಿ ಶೆಡ್ಡಿನಲ್ಲಿ ನೇತುಹಾಕಿ. ವಾದ ಅರ್ಧ ಕಮ್ಮಿಯಾಗುತ್ತದೆ.

ಕೇಳುಗ
ಎಲ್ಲರೂ ಪ್ಲಾಸ್ಟಿಕ್ ಕೋರ್ ಎಸಿಪಿ ಬಗ್ಗೆ ಇಷ್ಟು ಪ್ರೀತಿಯಿಂದ ಮಾತಾಡುತ್ತಿದ್ದೀರಿ. 2017ರಲ್ಲಿ ಇಂಥದ್ದೇ ಪ್ಯಾನೆಲ್ ಹೊರಗೋಡೆಗೆ ಹಾಕಿದ್ದ ಲಂಡನ್ನಿನ ಗ್ರೆನ್‌ಫೆಲ್ ಟವರ್ ಬೆಂಕಿಯಲ್ಲಿ 72 ಜನ ಸತ್ತಿದ್ದು ಮರೆತಿರಾ? ಗೀರು ದೊಡ್ಡದಾ, ಬೆಂಕಿ ದೊಡ್ಡದಾ?

ವೇದಿಕೆ_ನಿರ್ವಾಹಕ
ಮುಖ್ಯವಾದ ವಿಷಯವೇ. ಅದಕ್ಕೆ ಬೇರೆ ಎಳೆ ಶುರುಮಾಡಿ, ದಯವಿಟ್ಟು. ಇಲ್ಲಿ ಗೀರಿನ ಮಾತಿರಲಿ.

ರೌಟರ್_ಧೂಳು
ಒಂದೇ ಮಾತು ಹೇಳಿ ಬಿಡುತ್ತೇನೆ. ಎಫ್‌ಆರ್ (ಸುಲಭಕ್ಕೆ ಬೆಂಕಿ ಹತ್ತದ) ಕೋರಿನಲ್ಲಿ ಖನಿಜ ಪುಡಿ ಜಾಸ್ತಿ, ಶೀಟು ಭಾರ, ಕಟರ್ ಬೇಗ ಮೊಂಡಾಗುತ್ತದೆ. ಮೊಂಡು ಕಟರಿನಲ್ಲಿ ಗ್ರೂವ್ ಆಳ ಹೆಚ್ಚುಕಮ್ಮಿಯಾಗುತ್ತದೆ. ಮುಖದ ತಗಡಿನ ಮೇಲೆ ಸುಮಾರು 0.3 ಮಿ.ಮೀ. ಕೋರ್ ಉಳಿಯಬೇಕು. ಆಳ ಜಾಸ್ತಿ ಹೋಗಿ ತಗಡಿಗೇ ತಾಗಿದರೆ ಮಡಚುವಾಗ ಪೇಂಟು, ಕೆಲವು ಸಲ ತಗಡೂ ಬಿರಿಯುತ್ತದೆ. ಅದನ್ನು ಮಡಚುವವನ ತಲೆಗೆ ಕಟ್ಟುತ್ತಾರೆ ಪಾಪ. ಚಳಿಯಲ್ಲಿ ಇಟ್ಟಿದ್ದ ಶೀಟನ್ನು ತಂದ ತಕ್ಷಣ ಮಡಚಿದರೂ ಬಿರಿಯುತ್ತದೆ. ಶೆಡ್ಡಿನ ಬಿಸಿಗೆ ಬರುವವರೆಗೆ ಬಿಡಿ.

ಮೌಲ್ಡ್_ಮನೆ
ಕಾಂಕ್ರೀಟ್ ಪ್ಯಾನೆಲ್ ಮಾಡುವವರನ್ನು ಯಾರೂ ಕೇಳಲೇ ಇಲ್ಲ 😑 ನಮ್ಮಲ್ಲಿ ಹೆಚ್ಚು ಪೆಟ್ಟು ಅಚ್ಚಿನಿಂದ ಬಿಡಿಸುವಾಗ. ಬಲ ಬರುವ ಮುಂಚೆ ಬಿಡಿಸಿದರೆ ಮೂಲೆ ಉದುರುತ್ತದೆ. ಬಿಡಿಸಿ ಇಡುವಾಗ ಕೆಳಗೆ ಎರಡೇ ಎರಡು ಮರದ ತುಂಡು ಇಡಬೇಕು. ಭದ್ರವಾಗಲಿ ಅಂತ ಮೂರನೆಯದು ತುರುಕುತ್ತಾರೆ. ಮೂರೂ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಪ್ಯಾನೆಲ್ ಮಧ್ಯದಲ್ಲಿ ಬಿರುಕು ಬಿಡುತ್ತದೆ. ಮೇಲೆ ಮೇಲೆ ಪೇರಿಸಿದರೆ ತುಂಡುಗಳು ಒಂದರ ನೇರಕ್ಕೆ ಒಂದು ಬರಬೇಕು. ಹಸಿ ಮರ ಇಟ್ಟರೆ ಅದರ ಕಲೆ ಬಿಳಿ ಕಾಂಕ್ರೀಟಿಗೆ ಹಿಡಿಯುತ್ತದೆ, ಮಧ್ಯೆ ಪ್ಲಾಸ್ಟಿಕ್ ಹಾಳೆ ಹಾಕಿ.

ಗ್ಲಾಸ್_ಕಡೆಯವ
ಯೂನಿಟೈಸ್ಡ್ (ಫ್ರೇಮು ಗ್ಲಾಸು ಶೆಡ್ಡಿನಲ್ಲೇ ಜೋಡಿಸಿ ಕಳಿಸುವ ಪ್ಯಾನೆಲ್) ಮಾಡುವವರಿಗೆ ಒಂದು ಸೇರಿಸುತ್ತೇನೆ. ಗ್ಲಾಸನ್ನು ಫ್ರೇಮಿಗೆ ಹಿಡಿದಿಡುವ ಅಂಟು, ಅಂದ್ರೆ ಸ್ಟ್ರಕ್ಚರಲ್ ಸಿಲಿಕೋನ್ ಹಾಕಿದ ಪ್ಯಾನೆಲನ್ನು ಗಟ್ಟಿಯಾಗುವ ಮುಂಚೆ ನಿಲ್ಲಿಸಬೇಡಿ. ಒಂದೇ ಭಾಗದ ಸಿಲಿಕೋನ್ ಗಾಳಿಯ ತೇವದಿಂದ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ, ಎರಡು ಮೂರು ವಾರವೇ ಬೇಕಾಗಬಹುದು. ಎರಡು ಭಾಗ ಬೆರೆಸುವುದು ಬೇಗ ಆಗುತ್ತದೆ. ಮೇಲ್ಪದರ ಮುಟ್ಟಿ ನೋಡಿ ಆಯ್ತು ಅಂದುಕೊಂಡು ಎತ್ತಿದರೆ ಗ್ಲಾಸು ಜರುಗುತ್ತದೆ. ಜಾಗ ಇಲ್ಲ ಅಂತ ಅವಸರ ಮಾಡುವುದೇ ಇದಕ್ಕೆ ಕಾರಣ.

ಪ್ಯಾನೆಲ್_ಪಾಡು
ಓನರ್‌ಗೆ ರೋಲರಿನಲ್ಲಿ ಸಿಕ್ಕಿದ ಮೊಳೆ ತೋರಿಸಿದೆ. ದಂಡದ ಮಾತು ಸದ್ಯಕ್ಕೆ ನಿಂತಿದೆ. ಟ್ರಾಲಿಗೆ ದುಡ್ಡು ಕೊಡುತ್ತೇನೆ ಅಂದಿದ್ದಾರೆ, ಎಷ್ಟು ಅಂತ ಹೇಳಿಲ್ಲ.

ಹಳೇ_ಕೈ
ಬರೆಸಿಕೊಳ್ಳಿ. ಓನರ್‌ಗಳನ್ನು ನಾನು ನೋಡಿದ್ದೇನೆ.

ಹೊಸಬ
ತಡವಾಗಿ ಬಂದೆ, ಒಂದೇ ಪ್ರಶ್ನೆ. ಬಿಸಿಲಿನಲ್ಲಿ ಬಹಳ ದಿನ ಇದ್ದ ಪ್ಯಾನೆಲ್‌ನ ಫಿಲಂ ಕಿತ್ತರೆ ಅಂಟು ಉಳಿದುಬಿಟ್ಟಿದೆ. ಥಿನ್ನರ್ ಹಾಕಲಾ?

ಸೈಟ್_ಮೇಲಿಂದ
ಥಿನ್ನರ್ ಬೇಡ, ಅಸಿಟೋನ್ ಬೇಡ, ಬ್ಲೇಡಿನಲ್ಲಿ ಕೆರೆಯುವುದಂತೂ ಬೇಡವೇ ಬೇಡ. ಐಸೋಪ್ರೊಪೈಲ್ ಆಲ್ಕೋಹಾಲನ್ನು ನೀರಿನಲ್ಲಿ ಬೆರೆಸಿ, ಮೆತ್ತನೆ ಬಟ್ಟೆಯಲ್ಲಿ, ನೆರಳಿನಲ್ಲಿ ಒರೆಸಿ. ಮೊದಲು ಒಂದು ವೇಸ್ಟ್ ತುಂಡಿನ ಮೇಲೆ ಹಚ್ಚಿ ನೋಡಿ. ಆಮೇಲೆ ನೀರಿನಲ್ಲಿ ತೊಳೆಯಿರಿ. ಫಿಕ್ಸ್ ಆದ ಮೇಲೆ ಫಿಲಂ ಎಷ್ಟು ದಿನದೊಳಗೆ ತೆಗೆಯಬೇಕು ಅಂತ ಶೀಟ್ ಕಂಪನಿಯ ಕಾಗದದಲ್ಲೇ ಇರುತ್ತದೆ, ಹೆಚ್ಚಾಗಿ ತಿಂಗಳು ಒಂದೂವರೆ ತಿಂಗಳು.

ಹೊಸಬ
ಆಯ್ತು ಅಣ್ಣ. ಹತ್ತಿ ಗ್ಲೌಸು ಈ ಒರೆಸುವ ಕೆಲಸಕ್ಕೆ ಬಳಸಬಹುದಾ?

ಕ್ಯೂಸಿ_ಕಣ್ಣು
ಹೊಸ ಜೊತೆಯಾದರೆ ಬಳಸಿ. ಕೊರೆಯುವ ಕಡೆ ಹಾಕಿದ್ದನ್ನು ಬೇಡ.